ಪಾರ್ಕಿನ್ಸನ್ ಸಾವಿನ ಪಟ್ಟಿಯಲ್ಲಿ ನಾವು ಕೆಳಗಿರುವುದೇಕೆ?

ಪತ್ರ: ಪಾರ್ಕಿನ್ಸನ್‌ನಿಂದ ಯಾವ ದೇಶದಲ್ಲಿ ಎಷ್ಟು ಸಾವು ಎಂಬ ಪಟ್ಟಿ ನೋಡಿದೆ. ಲಕ್ಷ ಜನರಿಗೆ ಇಷ್ಟು ಎಂಬ ಲೆಕ್ಕದಲ್ಲಿ ಯುರೋಪಿನ ದೇಶಗಳು ಮೇಲಿವೆ, ನಾವು ಕೆಳಗಿದ್ದೇವೆ. ನಮ್ಮ ಊಟ, ಹವೆ ನಮ್ಮನ್ನು ಕಾಪಾಡುತ್ತಿದೆಯೇ? ನನ್ನ ತಂದೆಯವರಿಗೂ ಈ ಕಾಯಿಲೆ ಇದೆ.
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಆ ಪಟ್ಟಿ ನೋಡಿ ನೆಮ್ಮದಿಪಡಬೇಡಿ ಎಂದೇ ಹೇಳಬೇಕಾಗಿದೆ.

ಪಾರ್ಕಿನ್ಸನ್ ಎಂದರೆ ಕೈಕಾಲು ನಡುಗುವ, ಚಲನೆ ನಿಧಾನವಾಗುವ ಮಿದುಳಿನ ಕಾಯಿಲೆ. ಹೆಚ್ಚಾಗಿ 60 ದಾಟಿದವರಿಗೆ ಬರುತ್ತದೆ. ಹಿರಿಯರು ಜಾಸ್ತಿ ಇರುವ ದೇಶದಲ್ಲಿ ರೋಗಿಗಳೂ ಜಾಸ್ತಿ, ಸಾವೂ ಜಾಸ್ತಿ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಸುಮಾರು ಒಂದು ಲಕ್ಷ ಜನರ ಸಮೀಕ್ಷೆ ಮಾಡಿದ್ದರು. ಲಕ್ಷಕ್ಕೆ 33 ಮಂದಿಯಲ್ಲಿ ಕಾಯಿಲೆ ಕಂಡಿತು. ವಯಸ್ಸಿನ ಏರುಪೇರು ಸರಿದೂಗಿಸಿ ಲೆಕ್ಕ ಹಾಕಿದಾಗ ಅದೇ 33 ಹೋಗಿ 76 ಆಯಿತು! ಮುಂಬೈನ ಪಾರ್ಸಿ ಕಾಲೊನಿಗಳಲ್ಲಿ 1980ರ ದಶಕದಲ್ಲಿ ಮನೆಮನೆಗೆ ಹೋಗಿ ನೋಡಿದಾಗ ಲಕ್ಷಕ್ಕೆ 328 ಮಂದಿ ಸಿಕ್ಕಿದ್ದರು. ಅಲ್ಲಿ ವಯಸ್ಸಾದವರೇ ಹೆಚ್ಚು. ಹಾಗಾಗಿ ಎರಡು ದೇಶಗಳನ್ನು ಪಕ್ಕಪಕ್ಕ ಇಡುವ ಮೊದಲು ವಯಸ್ಸಿನ ಲೆಕ್ಕ ಸರಿಮಾಡಿಕೊಳ್ಳಲೇಬೇಕು.

ಇನ್ನು ದಾಖಲೆ. ಪಾರ್ಕಿನ್ಸನ್ ಇದ್ದವರು ಕೊನೆಗೆ ತೀರಿಕೊಳ್ಳುವುದು ಹೆಚ್ಚಾಗಿ ನ್ಯುಮೋನಿಯಾದಿಂದ, ಇಲ್ಲವೇ ಬಿದ್ದು ಮೂಳೆ ಮುರಿದು. ಕಾಗದದಲ್ಲಿ ಅದಷ್ಟೇ ಉಳಿಯುತ್ತದೆ. ಅದೂ ಕಾಗದ ಇದ್ದರೆ. 2020ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5 ಮಾತ್ರ. ಮನೆಯಲ್ಲೇ ಕಣ್ಣುಮುಚ್ಚಿದ ಅಜ್ಜ ‘ವಯಸ್ಸಾಗಿತ್ತು’ ಎಂಬ ಮಾತಿನಲ್ಲೇ ಮುಗಿದುಹೋಗುತ್ತಾರೆ.

ನನ್ನನ್ನು ನಿಜಕ್ಕೂ ಕಾಡುವುದು ತಾಂಜಾನಿಯಾದ ಹಾಯ್ ಜಿಲ್ಲೆಯ ಸಮೀಕ್ಷೆ. ಅಲ್ಲಿ ಪತ್ತೆಯಾದ ರೋಗಿಗಳಲ್ಲಿ ನಾಲ್ವರಲ್ಲಿ ಮೂವರಿಗೂ ಹೆಚ್ಚು ಮಂದಿಗೆ ತಮ್ಮ ಕಾಯಿಲೆ ಏನೆಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಈ ಕಾಯಿಲೆಯ ಮುಖ್ಯ ಔಷಧ ಲೆವೊಡೋಪಾ ಬಳಕೆಗೆ ಬಂದಿದ್ದು 1960ರ ದಶಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಆದರೂ ಬಡ ದೇಶಗಳ ಎಷ್ಟೋ ಊರುಗಳಿಗೆ ಅದು ತಲುಪಿಲ್ಲ. ಮಾತ್ರೆ ಸಿಕ್ಕಿದ್ದರೆ ಇನ್ನೂ ವರ್ಷಗಟ್ಟಲೆ ನಡೆದಾಡಿಕೊಂಡು ಇರಬಹುದಾಗಿದ್ದವರು ಹಾಸಿಗೆ ಹಿಡಿಯುತ್ತಾರೆ. ಇದು ಅನ್ಯಾಯ, ಅಲ್ವಾ? 85ರಲ್ಲಿ ಹೋದವರೂ ಒಂದು ಸಾವು, 64ರಲ್ಲಿ ಹೋದವರೂ ಒಂದು ಸಾವು ಎಂದು ಎಣಿಸಿದರೆ ಈ ಅನ್ಯಾಯ ಕಾಣುವುದೇ ಇಲ್ಲ. ಅದಕ್ಕೇ ತಜ್ಞರು ಕಳೆದುಹೋದ ಬದುಕಿನ ವರ್ಷಗಳನ್ನೂ ಎಣಿಸುತ್ತಾರೆ. ದೇಶಗಳನ್ನು ಹೋಲಿಸಲು ನಾನು ನೆಚ್ಚುವುದು ಆ ಲೆಕ್ಕವನ್ನೇ.

ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ಚಿಕಿತ್ಸೆ ಸರಿಯಾಗಿ ಸಿಕ್ಕವರು ಈ ಕಾಯಿಲೆಯ ಜೊತೆಗೇ ಬಹಳ ವರ್ಷ ಬಾಳುತ್ತಾರೆ, ಧೈರ್ಯವಾಗಿರಿ. ಊಟ ಮಾಡುವಾಗ ಕೆಮ್ಮು ಬರುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಸುಮ್ನೆ ಬಿಡಬೇಡಿ. ಅನ್ನ, ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ಬೇರೆ ಯಾವುದೇ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿದರೂ ಪಾರ್ಕಿನ್ಸನ್ ಮಾತ್ರೆಯ ಹೊತ್ತು ತಪ್ಪದಂತೆ ಅಲ್ಲಿನ ನರ್ಸ್‌ಗೆ ಮೊದಲೇ ಹೇಳಿ. ಅದನ್ನು ಏಕಾಏಕಿ ನಿಲ್ಲಿಸುವುದು ಅಪಾಯ.