ಭಯ ಅಳಿಯಿತೇ, ಅಡಗಿತೇ?

ಓದುಗರೊಬ್ಬರ ಪತ್ರ: "ನಾಯಿ ಕಚ್ಚಿದ ಮೇಲೆ ಹುಟ್ಟಿದ್ದ ಭಯ ಚಿಕಿತ್ಸೆಯಿಂದ ಪೂರ್ತಿ ಹೋಗಿತ್ತು. ಎಂಟು ತಿಂಗಳ ಮೇಲೆ ಬೇರೊಂದು ಊರಲ್ಲಿ ನಾಯಿ ಬೊಗಳಿದ್ದೇ ತಡ, ಮೈಯೆಲ್ಲ ನಡುಕ. ಭಯ ಸಿನ್ಯಾಪ್ಸ್‌ಗಳಲ್ಲಿ, ಅಂದರೆ ನರಕೋಶಗಳು ಒಂದನ್ನೊಂದು ಸಂಧಿಸುವ ಜಾಗಗಳಲ್ಲಿ, ದಾಖಲಾಗುತ್ತದೆ ಎಂದು ಬರೆದಿದ್ದಿರಿ. ಹಾಗಾದರೆ ಚಿಕಿತ್ಸೆ ಅಳಿಸಿದ್ದಾದರೂ ಏನನ್ನು?"

ಸಂಪಾದಕರ ಉತ್ತರ: ಆ ದಾಖಲೆ ಬಹುಮಟ್ಟಿಗೆ ಇದ್ದಲ್ಲೇ ಇದೆ. ಚಿಕಿತ್ಸೆ ಅದಕ್ಕೊಂದು ತಡೆ ಕಟ್ಟಿತು, ಅಷ್ಟೆ. ಭಯ ಮರಳಿದ್ದಕ್ಕೆ ನೀವು ನಿಮ್ಮನ್ನು ಹಳಿದುಕೊಳ್ಳಬೇಕಿಲ್ಲ.

ಈ ತಿಳಿವಳಿಕೆಯ ಬಹುಪಾಲು ಇಲಿಗಳ ಪ್ರಯೋಗದಿಂದ ಬಂದದ್ದು. ಸುಮಾರು ಅರ್ಧ ನಿಮಿಷ ಒಂದು ನಾದ ಕೇಳಿಸಿ, ಅದು ಮುಗಿಯುವ ಹೊತ್ತಿಗೆ ಪಾದಕ್ಕೆ 0.5ರಿಂದ 1 ಮಿಲಿಆಂಪಿಯರ್ ಶಾಕ್ ಒಂದೆರಡು ಸೆಕೆಂಡ್ ಕೊಡುತ್ತಾರೆ. ಕೆಲವೇ ಸಲ ಹೀಗಾದರೆ ಸಾಕು, ಮರುದಿನ ಬರೀ ನಾದಕ್ಕೇ ಇಲಿ ಅಲ್ಲಾಡದೆ ಕಲ್ಲಾಗುತ್ತದೆ. ನಾದವನ್ನೂ ಶಾಕನ್ನೂ ಅಷ್ಟೇ ಸಲ, ಆದರೆ ಬೇರೆಬೇರೆ ಹೊತ್ತಿನಲ್ಲಿ ಕೊಟ್ಟರೆ ನಾದದ ಭಯ ಕೂರುವುದಿಲ್ಲ.

ಜೋಡಿಯೇ ಏಕೆ ಬೇಕು? ನಾದದ ಸುದ್ದಿ ಮೆದುಳಿನಲ್ಲಿ ಭಯ ಕಲಿಯುವ ಜಾಗವಾದ ಅಮಿಗ್ಡಲಾದ ಪಾರ್ಶ್ವಭಾಗದ ನರಕೋಶಗಳಿಗೆ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕದ ಮೂಲಕ ತಲುಪುತ್ತದೆ. ಅಲ್ಲಿರುವ ಎನ್‌ಎಂಡಿಎ ಎಂಬ ಗ್ರಾಹಕದ (ಗ್ಲುಟಮೇಟ್ ಹಿಡಿಯುವ ದ್ವಾರದ) ಬಾಯಿಗೆ ಮೆಗ್ನೀಸಿಯಂ ಅಯಾನು ಬಿರಡೆಯಂತೆ ಕೂತಿರುತ್ತದೆ. ನಾದವೊಂದೇ ಅದನ್ನು ಕದಲಿಸಲಾರದು. ಅದೇ ಕ್ಷಣ ನೋವಿನ ಸಂಕೇತ ಬಂದು ಕೋಶವನ್ನು ಬಲವಾಗಿ ಉದ್ರೇಕಿಸಿದರೆ ಬಿರಡೆ ಹಾರುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕ್ಯಾಲ್ಸಿಯಂ ಎಬ್ಬಿಸಿದ ಕಿಣ್ವಗಳು ಗ್ಲುಟಮೇಟ್ ಹಿಡಿಯುವ ಇನ್ನೊಂದು ಬಗೆಯ, ಆಂಪಾ ಎಂಬ ಗ್ರಾಹಕಗಳನ್ನು ಇನ್ನಷ್ಟು ಸಿನ್ಯಾಪ್ಸ್‌ನ ಪೊರೆಗೆ ತಂದು ನಿಲ್ಲಿಸುತ್ತವೆ. ಮುಂದೆ ಅಷ್ಟೇ ಗ್ಲುಟಮೇಟ್‌ಗೆ ಕೋಶದ ಪ್ರತಿಕ್ರಿಯೆ ದೊಡ್ಡದು.

ಇಷ್ಟು ನಡೆಯಲು ನಿಮಿಷಗಳು ಸಾಕು. ಉಳಿಯಲು ಮಾತ್ರ ಹೊಸ ಪ್ರೋಟೀನು ಬೇಕು. ಕಲಿತ ಕೂಡಲೇ ಅಮಿಗ್ಡಲಾದಲ್ಲಿ ಪ್ರೋಟೀನು ತಯಾರಿಕೆ ತಡೆದರೆ ಇಲಿ ಕೆಲವು ಗಂಟೆ ಹೆದರುತ್ತದೆ, ಮರುದಿನ ಮರೆತಿರುತ್ತದೆ.

ಈ ಸಿನ್ಯಾಪ್ಸ್‌ಗಳಲ್ಲೇ ಭಯ ಇದೆ ಎನ್ನಲು ನನ್ನ ಮಟ್ಟಿಗೆ ಅತ್ಯಂತ ಗಟ್ಟಿ ಸಾಕ್ಷ್ಯ 2014ರದು. ನರವಿಜ್ಞಾನಿ ರಾಬರ್ಟೊ ಮಲಿನೊ ತಂಡ ನಾದದ ಬದಲು ಅಮಿಗ್ಡಲಾಕ್ಕೆ ಬರುವ ಶ್ರವಣತಂತುಗಳನ್ನೇ ಬೆಳಕಿನಿಂದ ಉದ್ರೇಕಿಸಿ, ಅದನ್ನು ಶಾಕ್‌ಗೆ ಜೋಡಿಸಿತು. ಇಲಿ ಆ ಬೆಳಕಿನ ಉದ್ರೇಕಕ್ಕೇ ಹೆದರತೊಡಗಿತು. ಸಿನ್ಯಾಪ್ಸ್ ದುರ್ಬಲಗೊಳಿಸುವ ನಿಧಾನ ಮಿಡಿತ ಕೊಟ್ಟಾಗ ಭಯ ಹೋಯಿತು, ಬಲಪಡಿಸುವ ವೇಗದ ಮಿಡಿತಕ್ಕೆ ಮರಳಿತು, ಇನ್ನೊಂದು ಶಾಕ್ ಇಲ್ಲದೆ!

ನಿಮ್ಮ ಚಿಕಿತ್ಸೆಯ ದಾರಿ ಬೇರೆ. ನಾಯಿ ಎದುರಿದ್ದೂ ಕೇಡಾಗದ ಅನುಭವ ಪದೇಪದೇ ಸಿಕ್ಕಾಗ ಮುಂಮೆದುಳಿನ ಒಳಬದಿಯ ಭಾಗ, ಅಮಿಗ್ಡಲಾದೊಳಗಿನ ತಡೆಕೋಶಗಳು ಭಯದ ಹೊರದಾರಿಯನ್ನು ಅದುಮಲು ಕಲಿಯುತ್ತವೆ. ಇದು ಎರಡನೆಯ ಕಲಿಕೆ. ಮೊದಲನೆಯದು ಅದರಡಿ ಉಳಿದೇ ಇರುತ್ತದೆ. ಈ ಎರಡನೆಯದು ಕಲಿತ ಜಾಗಕ್ಕೆ, ಸಂದರ್ಭಕ್ಕೆ ಬಿಗಿಯಾಗಿ ಅಂಟಿರುತ್ತದೆ. ಜಾಗ ಬದಲಾದರೆ, ಕಾಲ ಸರಿದರೆ, ಮತ್ತೊಂದು ಆಘಾತವಾದರೆ ತಡೆ ಸಡಿಲುತ್ತದೆ. ನಿಮಗೆ ಮೊದಲೆರಡೂ ಒಟ್ಟಿಗೆ ಒದಗಿವೆ.

ನೆನಪನ್ನೇ ಕೆಡಿಸುವ ದಾರಿ ಇಲ್ಲವೇ? 2000ದಲ್ಲಿ ನರವಿಜ್ಞಾನಿಗಳಾದ ಕರೀಂ ನಾಡರ್, ಗ್ಲೆನ್ ಶಾಫ್, ಜೋಸೆಫ್ ಲೆಡೂ ತೋರಿಸಿದಂತೆ, ಎಬ್ಬಿಸಿದ ಭಯದ ನೆನಪು ಮತ್ತೆ ಗಟ್ಟಿಯಾಗಲೂ ಪ್ರೋಟೀನು ಬೇಕು. ನೆನಪನ್ನು ಎಬ್ಬಿಸಿದೊಡನೆ ಪ್ರೋಟೀನು ತಯಾರಿಕೆ ತಡೆದರೆ ಭಯ ಕುಂದುತ್ತದೆ. ಇದನ್ನು ಮನುಷ್ಯರಿಗೆ ಒಗ್ಗಿಸುವ ಯತ್ನಗಳ ಫಲಿತಾಂಶ ಒಂದರಂತೆ ಒಂದಿಲ್ಲ. ಈ ಹೆಸರಲ್ಲಿ "ಒಂದೇ ಭೇಟಿಯಲ್ಲಿ ಭಯ ಅಳಿಸುತ್ತೇವೆ" ಎನ್ನುವವರನ್ನು ದಯವಿಟ್ಟು ನಂಬಬೇಡಿ.

ಚಿಕಿತ್ಸಕರ ಬಳಿ ಮತ್ತೆ ಹೋಗಿ. ಈ ಸಲ ಅಭ್ಯಾಸವನ್ನು ಒಂದೇ ಕೋಣೆ, ಒಂದೇ ನಾಯಿಗೆ ಸೀಮಿತಗೊಳಿಸದಂತೆ ಕೇಳಿ: ಬೇರೆಬೇರೆ ಜಾಗ, ಹೊತ್ತು, ಗಾತ್ರದ ನಾಯಿಗಳು, ನಡುವೆ ದಿನಗಳ ಅಂತರ. ಭಯ ಏರಿದ ಕ್ಷಣವೇ ಹೊರಟುಬಿಟ್ಟರೆ ಕೇಡಾಗಲಿಲ್ಲ ಎಂಬ ಪಾಠ ಮೆದುಳಿಗೆ ಸಿಗುವುದೇ ಇಲ್ಲ. ಆದ್ದರಿಂದ ತಾಳಬಲ್ಲಷ್ಟು ದೂರದಿಂದ ಶುರುಮಾಡಿ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ.