ಊರುಗೋಲಿನಿಂದ ಆತ್ಮರಕ್ಷಣೆ ಮಾಡಿಕೊಳ್ಳುವಾಗ ಬೀಸಬೇಕೇ, ತಿವಿಯಬೇಕೇ?

ತಿವಿಯಬೇಕು. ಕೋಲನ್ನು ತಲೆಯ ಮೇಲೆತ್ತಿ ಬೀಸಿದರೆ ಅದಕ್ಕೆ ವೇಗ ಬರುವಷ್ಟರಲ್ಲಿ ಎದುರಿನವನು ಒಳನುಗ್ಗಿರುತ್ತಾನೆ. ನಿಮ್ಮ ಆಯವೂ ತಪ್ಪುತ್ತದೆ. ತಿವಿತಕ್ಕೆ ದಾರಿ ಚಿಕ್ಕದು, ಬಲವೆಲ್ಲ ತುದಿಯ ರೂಪಾಯಿ ನಾಣ್ಯದಷ್ಟು ಜಾಗದಲ್ಲೇ ಬೀಳುತ್ತದೆ.

ಒಂದು ಕೈ ಹಿಡಿಕೆಯ ಹತ್ತಿರ, ಸೊಂಟಕ್ಕೆ ತಾಗಿದಂತಿರಲಿ; ಇನ್ನೊಂದು ಕೋಲಿನ ನಡುವೆ. ಒಂದು ಕಾಲು ಮುಂದಿಟ್ಟು ಹೊಟ್ಟೆಗೋ ತೊಡೆಗೋ ತಿವಿದು ಕೂಡಲೇ ಹಿಂದಕ್ಕೆಳೆಯಿರಿ. ಚಾಚಿಕೊಂಡೇ ನಿಂತರೆ ಅವನು ಹಿಡಿದು ಎಳೆಯುತ್ತಾನೆ, ಹೆಚ್ಚಿನವರು ಎಡವುವುದು ಇಲ್ಲೇ. ಆಮೇಲೆ ಹೊಡೆಯುತ್ತಾ ನಿಲ್ಲಬೇಡಿ, ಕೂಗುತ್ತಾ ಜನರಿರುವ ಕಡೆ ಹೋಗಿ. ಕಾಲಿಗೆ ಶಕ್ತಿಯಿಲ್ಲದೆ ಕೋಲನ್ನೇ ನೆಚ್ಚಿ ನಡೆಯುವವರು ಗೋಡೆಗೋ ಕಂಬಕ್ಕೋ ಒರಗದೆ ಅದನ್ನು ನೆಲದಿಂದ ಎತ್ತಲೇಬಾರದು.

ಮಂಗಳೂರಿನ ಕದ್ರಿ ಪಾರ್ಕ್, ಉಡುಪಿಯ ಮಲ್ಪೆ ಬೀಚ್ ಕಡೆ ಬೆಳಗಿನ ವಾಕಿಂಗ್‌ನಲ್ಲಿ ನಾಯಿ ಅಡ್ಡ ಬಂದರೆ ತಿವಿತವೂ ಬೇಡ. ಕೋಲಿನ ತುದಿಯನ್ನು ಅದರ ಮೂತಿಗೆ ಎದುರಾಗಿ ತಗ್ಗಿನಲ್ಲಿ ಹಿಡಿದು, ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ.

ಮಡಚುವ ಅಲ್ಯೂಮಿನಿಯಂ ಕೋಲನ್ನು ಇದಕ್ಕೆ ನಂಬಬೇಡಿ, ಕೀಲಿನಲ್ಲಿ ಬಾಗುತ್ತದೆ. ತುದಿಯ ರಬ್ಬರ್ ಬುಷ್‌ನ ಗೀರು ಸವೆದಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಿಸಿ. ನಮ್ಮ ಕರಾವಳಿಯ ಪಾಚಿ ಹಿಡಿದ ಕೆಂಪುಕಲ್ಲಿನ ಮೇಲೆ ಅದು ನಿಲ್ಲುವುದಿಲ್ಲ.