ತಪ್ಪು ಮಾಡಿದ ಮೇಲೆ ಮತ್ತೆ ಚೆಂಡು ಕೇಳುತ್ತಾನಾ? ಅದನ್ನು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ನಿಮ್ಮ ಮೆಚ್ಚಿನ ಫುಟ್‌ಬಾಲ್ ತಂಡದ ಸೆಂಟ್ರಲ್ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಟ್ಟನಡುವೆ ಆಡುವವನು, ಎಂಟು ಪಂದ್ಯಗಳಿಂದ ಸಪ್ಪೆ. ಗೋಲಿಲ್ಲ, ಅಸಿಸ್ಟ್ (ಗೋಲಿಗೆ ದಾರಿ ಮಾಡುವ ಪಾಸ್) ಇಲ್ಲ, ಎರಡು ಸಲ ಅವನು ಕಳೆದುಕೊಂಡ ಚೆಂಡೇ ಎದುರಾಳಿಯ ಗೋಲಾಯಿತು. ಆದರೂ ಕೋಚ್ ಪ್ರತಿ ವಾರ ಅವನನ್ನೇ ಇಳಿಸುತ್ತಾರೆ. ಬೆಂಚಿನಲ್ಲಿ ಚುರುಕಾದ ಹುಡುಗನೊಬ್ಬ ಕಾದು ಕೂತಿದ್ದಾನೆ. ನಿಮ್ಮ ಗೆಳೆಯ ‘ಸಾಕು, ಕೂರಿಸಿ ಅವನನ್ನು’ ಅನ್ನುತ್ತಾನೆ. ನೀವು ‘ಇನ್ನೊಂದಿಷ್ಟು ದಿನ ನೋಡೋಣ’ ಅನ್ನುತ್ತೀರಿ. ಇಬ್ಬರಲ್ಲಿ ಯಾರು ಸರಿ ಅಂತ ಕೇಳಿದ್ದೀರಿ.

ಇಷ್ಟು ವಿವರದ ಮೇಲೆ ಯಾರ ಪರವಾಗಿಯೂ ಹೇಳಲು ಬರುವುದಿಲ್ಲ. ಮಿಡ್‌ಫೀಲ್ಡರ್ ಒಬ್ಬನ ಬಗ್ಗೆ ನಾನು ಮೊದಲು ಕೇಳುವ ಸಂಗತಿಯೇ ಇದರಲ್ಲಿಲ್ಲ. ತಪ್ಪು ಮಾಡಿದ ಮುಂದಿನ ಐದು ನಿಮಿಷ ಅವನು ಏನು ಮಾಡುತ್ತಾನೆ? ಮತ್ತೆ ಬಂದು ಚೆಂಡು ಕೇಳುತ್ತಾನಾ, ಇಲ್ಲಾ ಅಡಗಿಕೊಳ್ಳುತ್ತಾನಾ? ಕೇಳುತ್ತಿದ್ದರೆ ಎಂಟಲ್ಲ, ಹನ್ನೆರಡು ಪಂದ್ಯ ಸಪ್ಪೆಯಾದರೂ ನಾನು ಅವನನ್ನು ಆಡಿಸುತ್ತೇನೆ. ಅಡಗುತ್ತಿದ್ದರೆ ನಾಳೆಯೇ ಕೂರಿಸುತ್ತೇನೆ.

ಅಡಗುವುದು ಅಂದರೆ ಏನು ಅಂತ ನನಗೆ ಸ್ವಂತ ಅನುಭವದಿಂದ ಗೊತ್ತು. ಹವ್ಯಾಸಿ ಲೀಗಿನಲ್ಲಿ ಹನ್ನೊಂದು ವರ್ಷ ಅದೇ ಜಾಗದಲ್ಲಿ ಆಡಿದವನು ನಾನು. ಒಂದು ಸೀಸನ್‌ನಲ್ಲಿ ನನ್ನ ತಪ್ಪು ಪಾಸಿನಿಂದ ಸತತ ಎರಡು ಪಂದ್ಯಗಳಲ್ಲಿ ನಮಗೆ ಗೋಲು ಬಿತ್ತು. ಮೂರನೇ ಪಂದ್ಯದಲ್ಲಿ ನಮ್ಮ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಹತ್ತಿರ ಚೆಂಡು ಬಂದಾಗಲೆಲ್ಲ ನಾನು ಕೈ ಎತ್ತಿ ‘ಕೊಡು, ಕೊಡು’ ಅಂತ ಕೂಗುತ್ತಿದ್ದೆ. ಆದರೆ ನಿಂತಿರುತ್ತಿದ್ದದ್ದು ಎದುರಾಳಿ ಸ್ಟ್ರೈಕರ್‌ನ ಬೆನ್ನ ಹಿಂದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಪಾಸಿಗೆ ದಾರಿ ಆಗುತ್ತಿತ್ತು. ಆ ಎರಡು ಹೆಜ್ಜೆಯನ್ನು ನನ್ನ ಕಾಲು ಇಡುತ್ತಿರಲಿಲ್ಲ. ಸೆಂಟರ್ ಬ್ಯಾಕ್ ನನ್ನ ಕಡೆ ನೋಡಿ, ದಾರಿ ಕಾಣದೆ, ಕೀಪರ್‌ಗೆ ಹಿಂದಕ್ಕೆ ಕೊಡುತ್ತಿದ್ದ. ಕೀಪರ್ ಉದ್ದಕ್ಕೆ ಒದೆಯುತ್ತಿದ್ದ. ಚೆಂಡು ಎದುರಾಳಿಗೆ ಹೋಗುತ್ತಿತ್ತು. ನೋಡಿದವರ ಕಣ್ಣಿಗೆ ತಪ್ಪು ಕೀಪರ್‌ನದ್ದು.

ಆ ದಿನ ನನ್ನದು ಒಂದು ಪಾಸೂ ತಪ್ಪಲಿಲ್ಲ. ಆಟ ಮುಗಿದ ಮೇಲೆ ಇಬ್ಬರು ಬಂದು ‘ಇವತ್ತು ಚೆನ್ನಾಗಿ ಆಡಿದೆ’ ಅಂದರು. ಕೋಚ್ ಮಾತ್ರ, ನಾನು ಬೂಟಿನ ಲೇಸ್ ಬಿಚ್ಚುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು, ‘ಮುಂದಿನ ವಾರ ನೀನು ಹೊರಗೆ’ ಅಂದರು. ಗೋಲು ಬಿಟ್ಟುಕೊಟ್ಟ ಎರಡೂ ವಾರ ನನ್ನನ್ನು ಉಳಿಸಿಕೊಂಡ ಮನುಷ್ಯ, ಒಂದೂ ತಪ್ಪು ಮಾಡದ ವಾರ ಕೂರಿಸಿದರು. ಆಗ ತುಂಬಾ ಸಿಟ್ಟು ಬಂದಿತ್ತು. ಅವರು ಕಂಡದ್ದು ಮಾತ್ರ ನಿಜ.

ಅಂದಿನಿಂದ ಪಾಸಿಂಗ್ ಪರ್ಸೆಂಟೇಜ್ ತೋರಿಸಿ ‘ನೋಡಿ, 93 ಪರ್ಸೆಂಟ್’ ಅಂತ ವಾದ ಮಾಡಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಮೂರು ಗಜ ಹಿಂದಿರುವ ಡಿಫೆಂಡರ್‌ಗೆ ವಾಪಸ್ ತಳ್ಳಿದ್ದೂ ಆ ಲೆಕ್ಕದಲ್ಲಿ ಸರಿಯಾದ ಪಾಸೇ. ಎದುರಾಳಿಗಳಿಬ್ಬರ ನಡುವೆ ಚೆಂಡು ತೂರಿಸಲು ಹೋಗಿ ನಾಲ್ಕರಲ್ಲಿ ಎರಡು ಕಳೆದುಕೊಂಡವನು ತಂಡಕ್ಕೆ ಎಷ್ಟೋ ಹೆಚ್ಚು ಕೊಟ್ಟಿರುತ್ತಾನೆ.

ಇನ್ನು ‘ಗೋಲಿಲ್ಲ, ಅಸಿಸ್ಟ್ ಇಲ್ಲ’ ಅನ್ನುವ ದೂರು. ಮಿಡ್‌ಫೀಲ್ಡರ್ ಅನ್ನುವ ಒಂದೇ ಪದದೊಳಗೆ ನಾಲ್ಕೈದು ಬೇರೆ ಬೇರೆ ಕೆಲಸಗಳಿವೆ. ಒಬ್ಬ ಡಿಫೆನ್ಸ್ ಮುಂದೆ ಬೇಲಿ ಹಾಕಿ ನಿಲ್ಲುತ್ತಾನೆ. ಒಬ್ಬ ಹಿಂದಿನಿಂದ ಚೆಂಡು ತೆಗೆದುಕೊಂಡು ಆಟ ಕಟ್ಟುತ್ತಾನೆ. ಇನ್ನೊಬ್ಬನ ಕೆಲಸ ತಡವಾಗಿ ಓಡಿ ಬಂದು ಗೋಲಿನ ಮುಂದಿನ ಬಾಕ್ಸ್ ಒಳಗೆ ಹೊಡೆಯುವುದು. ನಿಮ್ಮವನಿಗೆ ಕೋಚ್ ವಹಿಸಿರುವುದು ಮೊದಲನೆಯ ಕೆಲಸವಾಗಿದ್ದರೆ, ಗೋಲು ಹೊಡೆಯಲಿಲ್ಲ ಅಂತ ಬೈಯುವುದು ಕಾವಲುಗಾರ ಅಡುಗೆ ಮಾಡಲಿಲ್ಲ ಅಂತ ಬೈದ ಹಾಗೆ.

ಈ ತಪ್ಪನ್ನು ದೊಡ್ಡ ಕ್ಲಬ್‌ಗಳೂ ಮಾಡಿವೆ. 2003ರಲ್ಲಿ ಕ್ಲಾಡ್ ಮಾಕೆಲೆಲೆ ರಿಯಲ್ ಮ್ಯಾಡ್ರಿಡ್‌ನಲ್ಲಿ ಸಂಬಳ ಹೆಚ್ಚಿಸಿ ಅಂತ ಕೇಳಿದ. ಪಕ್ಕದಲ್ಲಿ ಆಡುತ್ತಿದ್ದ ಜಿಡಾನ್, ಫಿಗೊ, ಬ್ರೆಜಿಲ್‌ನ ರೊನಾಲ್ಡೊ ಪಡೆಯುತ್ತಿದ್ದುದಕ್ಕಿಂತ ಅವನಿಗೆ ಎಷ್ಟೋ ಕಡಿಮೆ ಬರುತ್ತಿತ್ತು. ಕ್ಲಬ್ ಒಪ್ಪಲಿಲ್ಲ, ಇಂಗ್ಲೆಂಡಿನ ಚೆಲ್ಸಿಗೆ ಮಾರಿತು. ಅದೇ ಬೇಸಿಗೆಯಲ್ಲಿ ಬೆಕ್‌ಹ್ಯಾಮ್ ಬಂದ. ಗೋಲು ಹೊಡೆಯದ, ಉದ್ದ ಪಾಸ್ ಕೊಡದ, ಚೆಂಡು ಕಸಿದು ಪಕ್ಕದವನಿಗೆ ಕೊಟ್ಟು ಸುಮ್ಮನಾಗುವ ಆಟಗಾರ ಹೋದರೆ ಏನು ನಷ್ಟ ಅಂತ ಅವರಿಗೆ ಅನ್ನಿಸಿತು. ಆಮೇಲೆ ಮ್ಯಾಡ್ರಿಡ್ ಮತ್ತೆ ಸ್ಪ್ಯಾನಿಷ್ ಲೀಗ್ ಗೆದ್ದದ್ದು 2006-07ರಲ್ಲಿ. ಅತ್ತ ಚೆಲ್ಸಿ 2004-05ರಲ್ಲಿ 38 ಪಂದ್ಯಗಳಲ್ಲಿ ಬರೀ 15 ಗೋಲು ಬಿಟ್ಟುಕೊಟ್ಟು, 1955ರ ನಂತರ ಮೊದಲ ಸಲ ಇಂಗ್ಲಿಷ್ ಲೀಗ್ ಗೆದ್ದಿತು. ಎಲ್ಲವೂ ಅವನೊಬ್ಬನಿಂದ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ 15 ಗೋಲಿನ ಹಿಂದೆ ಡಿಫೆನ್ಸ್ ಮುಂದೆ ನಿಂತವನ ಪಾಲು ದೊಡ್ಡದು.

2010ರ ವಿಶ್ವಕಪ್‌ನಲ್ಲೂ ಇದೇ ಗಲಾಟೆ. ಸ್ಪೇನ್ ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್ ಎದುರು 0-1ರಿಂದ ಸೋತಿತು. ಡಿಫೆನ್ಸ್ ಮುಂದೆ ನಿಲ್ಲಲು ಶಾಬಿ ಅಲೊನ್ಸೊ ಇರುವಾಗ ಸರ್ಜಿಯೊ ಬುಸ್ಕೆಟ್ಸ್ ಯಾಕೆ, ಇಬ್ಬರು ಹಿಂದೆ ನಿಂತರೆ ಗೋಲು ಹೊಡೆಯುವವರು ಯಾರು ಅಂತ ಎಲ್ಲರೂ ಕೋಚ್ ಮೇಲೆ ಬಿದ್ದರು. ಕೋಚ್ ವಿಸೆಂಟೆ ಡೆಲ್ ಬೋಸ್ಕೆ ಜಗ್ಗಲಿಲ್ಲ. ನಾಕೌಟ್‌ನ ನಾಲ್ಕೂ ಪಂದ್ಯಗಳನ್ನು ಸ್ಪೇನ್ 1-0ಯಿಂದ ಗೆದ್ದು ಕಪ್ ಎತ್ತಿತು. ಆ ಸೊನ್ನೆಗಳಲ್ಲಿ ಬುಸ್ಕೆಟ್ಸ್ ಇದ್ದಾನೆ, ಹೈಲೈಟ್ಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಗೆ ಇವರಿಬ್ಬರಿಗಿಂತ ಹತ್ತಿರದ ಉದಾಹರಣೆ, ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನಲ್ಲಿ ಆಡುತ್ತಿದ್ದ ಗ್ರಾನಿಟ್ ಜಾಕಾ. ಮಾಕೆಲೆಲೆ, ಬುಸ್ಕೆಟ್ಸ್ ಚೆನ್ನಾಗಿ ಆಡುತ್ತಿದ್ದರೂ ಜನರ ಕಣ್ಣಿಗೆ ಬೀಳದವರು. ಜಾಕಾ ಮಾತ್ರ ನಿಜಕ್ಕೂ ಕೆಟ್ಟದಾಗಿ ಆಡುತ್ತಿದ್ದ.

2019ರ ಅಕ್ಟೋಬರ್ 27. ಆರ್ಸೆನಲ್ ಸ್ವಂತ ಮೈದಾನದಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು 2-0 ಮುಂದಿದ್ದದ್ದು 2-2 ಆಗಿದೆ. 61ನೇ ನಿಮಿಷದಲ್ಲಿ ನಾಯಕ ಜಾಕಾನ ನಂಬರ್ ಬದಲಾವಣೆಯ ಬೋರ್ಡ್‌ನಲ್ಲಿ ಬಂತು. ಅವನದೇ ಅಭಿಮಾನಿಗಳು ಬೂ ಎಂದು ಕೂಗತೊಡಗಿದರು. ಅವನು ನಿಧಾನಕ್ಕೆ ನಡೆದು ಬಂದ, ಇನ್ನೂ ಜೋರಾಗಿ ಕೂಗಿ ಅನ್ನುವ ಹಾಗೆ ಕೈ ಬೀಸಿದ, ಕಿವಿಗೆ ಕೈ ಹಿಡಿದ, ಜೆರ್ಸಿ ಕಳಚಿ ಸುರಂಗದೊಳಗೆ ಹೋಗಿಬಿಟ್ಟ. ಕೆಲವೇ ದಿನಗಳಲ್ಲಿ ನಾಯಕತ್ವ ಹೋಯಿತು. ಅವನ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡವರಲ್ಲಿ ನಾನೂ ಒಬ್ಬ.

ಆ ತಿಂಗಳುಗಳ ಅವನ ಆಟ ನನಗೆ ಚೆನ್ನಾಗಿ ನೆನಪಿದೆ. ತಿರುಗುವುದು ನಿಧಾನ, ಬೆನ್ನ ಹಿಂದೆ ಓಡುವವರನ್ನು ಹಿಡಿಯಲಾಗದೆ ಫೌಲ್ ಮಾಡುತ್ತಿದ್ದ, ಕಾರ್ಡ್ ತಿನ್ನುತ್ತಿದ್ದ. ಆದರೆ ಚೆಂಡು ಕೇಳುವುದನ್ನು ಬಿಟ್ಟಿರಲಿಲ್ಲ. ಜನ ಕೂಗುತ್ತಿದ್ದರೂ ಡಿಫೆಂಡರ್‌ಗಳ ಹತ್ತಿರ ಇಳಿದು ಬಂದು, ಎದುರಾಳಿ ಬೆನ್ನಿಗೆ ಅಂಟಿಕೊಂಡಿದ್ದರೂ ಕೈ ತೋರಿಸುತ್ತಿದ್ದ. ಡಿಸೆಂಬರ್‌ನಲ್ಲಿ ಕೋಚ್ ಆಗಿ ಬಂದ ಮಿಕೆಲ್ ಆರ್ಟೆಟಾ, ಹೊರಡಲು ಸಿದ್ಧನಾಗಿದ್ದವನನ್ನು ಮಾತಾಡಿಸಿ ಉಳಿಸಿಕೊಂಡರು. ಆಮೇಲೆ ಕೆಲಸವನ್ನೇ ಬದಲಿಸಿದರು. 2022-23ರಲ್ಲಿ ಅವನನ್ನು ಎಡಗಡೆ ಮುಂದಕ್ಕೆ ಸರಿಸಿ, ಹಿಂದಿನ ದೊಡ್ಡ ಖಾಲಿ ಜಾಗ ಕಾಯುವ ಹೊರೆ ಇಳಿಸಿದರು. ಆ ಸಲ ಲೀಗ್‌ನಲ್ಲಿ 7 ಗೋಲು ಹೊಡೆದ. ಮರುವರ್ಷ ಬಾಯರ್ ಲೆವರ್‌ಕುಸೆನ್‌ಗೆ ಹೋದ. ಆ ತಂಡ ಒಂದೂ ಪಂದ್ಯ ಸೋಲದೆ ತನ್ನ ಮೊದಲ ಬುಂಡೆಸ್‌ಲಿಗಾ (ಜರ್ಮನಿಯ ಲೀಗ್) ಗೆದ್ದಿತು. ಜರ್ಮನ್ ಕಪ್ ಫೈನಲ್‌ನ ಏಕೈಕ ಗೋಲು ಜಾಕಾನದೇ. 2019ರ ಆ ಸಂಜೆ ಬೂ ಅಂದವರಲ್ಲಿ ಎಷ್ಟೋ ಜನ, ಅವನು ಆರ್ಸೆನಲ್ ಬಿಡುವಾಗ ಎದ್ದು ನಿಂತು ಚಪ್ಪಾಳೆ ತಟ್ಟಿರಬೇಕು.

ನ್ಯೂಕಾಸಲ್‌ನ ಜೋಲಿಂಟನ್‌ನದೂ ಇಂಥದ್ದೇ. ಸ್ಟ್ರೈಕರ್ ಅಂತ ದುಬಾರಿ ಬೆಲೆಗೆ ತಂದರು, ಮೊದಲ ಲೀಗ್ ಸೀಸನ್‌ನಲ್ಲಿ ಎರಡೇ ಗೋಲು. 2021ರ ಕೊನೆಗೆ ಎಡ್ಡಿ ಹೌ ಮಧ್ಯಕ್ಕೆ ತಂದು ನಿಲ್ಲಿಸಿದ ಮೇಲೆ ಬೇರೆಯೇ ಆಟಗಾರನಾದ. ಹಾಗಾಗಿ ನಿಮ್ಮವನನ್ನು ಆಡಿಸುತ್ತಿರುವುದು ಅವನ ಜಾಗದಲ್ಲೇನಾ ಅಂತಲೂ ನೋಡಿ. ಸ್ಟ್ರೈಕರ್‌ಗಳು ಪ್ರೆಸ್ ಮಾಡುತ್ತಿಲ್ಲ (ಎದುರಾಳಿಯ ಮೇಲೆ ಬಿದ್ದು ಚೆಂಡು ಕಸಿಯಲು ನೋಡುತ್ತಿಲ್ಲ), ಅಂಚಿನ ಡಿಫೆಂಡರ್‌ಗಳಾದ ಫುಲ್ ಬ್ಯಾಕ್‌ಗಳಿಬ್ಬರೂ ಒಟ್ಟಿಗೆ ಮೇಲೆ ಹೋಗಿಬಿಡುತ್ತಾರೆ, ನಡುವಿನ ನಲವತ್ತು ಗಜಕ್ಕೆ ಇವನೊಬ್ಬನೇ ಅಂದರೆ ಯಾರನ್ನಿಟ್ಟರೂ ಸಪ್ಪೆಯಾಗಿಯೇ ಕಾಣುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ. ನಾಳೆ ಆ ಹುಡುಗನನ್ನು ತಂದು ನಿಲ್ಲಿಸಿದರೆ ಬರೆ ಅವನ ಮೈಮೇಲೆ.

ಇನ್ನೊಂದು ವಿಷಯ, ಇದನ್ನು ನಿಮ್ಮ ಗೆಳೆಯನಿಗೂ ಹೇಳಿ. 2009ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು ಸೋತ ಮೇಲೆ ಸುಮಾರು ಎರಡು ವರ್ಷ ಖಿನ್ನತೆಯಲ್ಲಿದ್ದೆ ಅಂತ ಮ್ಯಾಂಚೆಸ್ಟರ್ ಯುನೈಟೆಡ್‌ನ ಮಿಡ್‌ಫೀಲ್ಡರ್ ಮೈಕಲ್ ಕ್ಯಾರಿಕ್ ಬಾಯಿಬಿಟ್ಟು ಹೇಳಿದ್ದು 2018ರಲ್ಲಿ. ಆ ಎರಡು ವರ್ಷ ಅವನ ಬಗ್ಗೆ ‘ಏನಾಗಿದೆ ಇವನಿಗೆ, ಮನಸ್ಸೇ ಇಲ್ಲ ಆಟದಲ್ಲಿ’ ಅಂತ ಎಷ್ಟು ಜನ ಆಡಿಕೊಂಡಿರಬಹುದು! ಅದೇ ತಂಡದ ಡ್ಯಾರೆನ್ ಫ್ಲೆಚರ್‌ಗೆ ಕರುಳಿನ ಕಾಯಿಲೆ ಇದೆ ಅಂತ 2011ರ ಡಿಸೆಂಬರ್‌ನಲ್ಲಿ ಕ್ಲಬ್ ತಿಳಿಸುವವರೆಗೆ ನೋಡುಗರಿಗೆ ಕಂಡದ್ದು ಬಳಲಿದ ಆಟ ಮಾತ್ರ. ಹೀಗೆಂದು ಕುಗ್ಗಿದವನನ್ನೋ ಕಾಯಿಲೆಯವನನ್ನೋ ಆಡಿಸುತ್ತಲೇ ಇರಿ ಅಂತ ಅಲ್ಲ, ಅಂಥವನಿಗೆ ವಿಶ್ರಾಂತಿಯೇ ಬೇಕು. ‘ಕೂರಿಸಿ’ ಅನ್ನುವುದು ಆಟದ ಬಗೆಗಿನ ಮಾತು, ಅದನ್ನು ಧಾರಾಳವಾಗಿ ಹೇಳಿ. ‘ದುಡ್ಡಿಗೆ ಬಂದವನು, ಸೋಮಾರಿ’ ಅನ್ನುವುದು ಮನುಷ್ಯನ ಬಗೆಗಿನ ಮಾತು, ಟಿವಿ ನೋಡಿ ಅದನ್ನು ಹೇಳುವ ಹಕ್ಕು ನಮಗಿಲ್ಲ. ಈ ವಿಷಯದಲ್ಲಿ ನಾನು ತುಂಬಾ ಗಟ್ಟಿ.

ಹಾಗಾದರೆ ಅಡಗುತ್ತಿದ್ದಾನೋ ಇಲ್ಲವೋ ತಿಳಿಯುವುದು ಹೇಗೆ? ಟಿವಿಯಲ್ಲಿ ಕಷ್ಟ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಸಾಧ್ಯವಾದರೆ ಮೈದಾನಕ್ಕೇ ಹೋಗಿ. ಇಲ್ಲದಿದ್ದರೆ ಇಡೀ ಮೈದಾನ ಕಾಣುವ ಮೇಲಿನ ಕ್ಯಾಮೆರಾದ ದೃಶ್ಯ ಎಲ್ಲಾದರೂ ಸಿಕ್ಕರೆ ಅದನ್ನು ನೋಡಿ. ಹದಿನೈದು ನಿಮಿಷ ಚೆಂಡನ್ನು ಮರೆತು ಅವನೊಬ್ಬನ ಮೇಲೆ ಕಣ್ಣಿಡಿ. ಪಾಸ್ ಬರುವ ಮೊದಲು ಹೆಗಲ ಮೇಲಿಂದ ಹಿಂದಕ್ಕೆ ಎಷ್ಟು ಸಲ ನೋಡುತ್ತಾನೆ ಎಣಿಸಿ. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. ಚೆಂಡು ಬರುವ ಮೊದಲು ಹೆಚ್ಚು ಸಲ ಸುತ್ತ ನೋಡುವವರ ಪಾಸ್ ಹೆಚ್ಚು ಸಲ ಗುರಿ ಮುಟ್ಟುತ್ತದೆ. ನಾನು ಕಂಡ ಹಾಗೆ, ಆತ್ಮವಿಶ್ವಾಸ ಹೋದ ಆಟಗಾರ ಮೊದಲು ನಿಲ್ಲಿಸುವುದೂ ಇದನ್ನೇ. ಕಣ್ಣು ಚೆಂಡಿಗೇ ಅಂಟಿಕೊಳ್ಳುತ್ತದೆ, ಮೈ ಎದುರಾಳಿಯ ಗೋಲಿನ ಕಡೆ ತಿರುಗುವುದೇ ಇಲ್ಲ, ಬಂದ ದಾರಿಯಲ್ಲೇ ಪಾಸ್ ವಾಪಸ್ ಹೋಗುತ್ತದೆ. ನಿಂತ ಜಾಗವನ್ನೂ ಗಮನಿಸಿ: ಚೆಂಡಿಗೂ ಅವನಿಗೂ ನಡುವೆ ಎದುರಾಳಿ ಇದ್ದಾನಾ? ಒಮ್ಮೆ ಇದ್ದರೆ ಆಕಸ್ಮಿಕ. ಆರು ಸಲದಲ್ಲಿ ಐದು ಸಲ ಇದ್ದರೆ ಅವನು ಅಲ್ಲಿಗೆ ಬೇಕಂತಲೇ ಹೋಗಿದ್ದಾನೆ, ಅವನಿಗೇ ಗೊತ್ತಿಲ್ಲದಿದ್ದರೂ.

ಬೆಂಚಿನ ಹುಡುಗನ ಬಗ್ಗೆ. ಈಗ ಒಂದು ಪಂದ್ಯದಲ್ಲಿ ಐದು ಬದಲಾವಣೆಗೆ ಅವಕಾಶವಿದೆ. 2020ರಲ್ಲಿ ತಾತ್ಕಾಲಿಕವಾಗಿ ಬಂದ ನಿಯಮ 2022ರಲ್ಲಿ ಕಾಯಂ ಆಯಿತು. ಹಾಗಾಗಿ ‘ಇವನಾ, ಅವನಾ’ ಅನ್ನುವ ಜಗಳದ ಅರ್ಧ ಬೇಕಾಗಿಯೇ ಇಲ್ಲ. ಹುಡುಗನಿಗೆ ಪ್ರತಿ ವಾರ ಕೊನೆಯ ಅರ್ಧ ಗಂಟೆ ಕೊಡಬಹುದು. ಆದರೆ ಎದುರಾಳಿ ಸುಸ್ತಾದ ಆ ಹೊತ್ತಿನಲ್ಲಿ ಅವನು ಮಿಂಚಿದ್ದನ್ನು ನೋಡಿ ಮೊದಲ ನಿಮಿಷದಿಂದಲೂ ಹಾಗೇ ಆಡುತ್ತಾನೆ ಅಂದುಕೊಳ್ಳಬೇಡಿ. ಮೊದಲ ಇಪ್ಪತ್ತು ನಿಮಿಷದ ಫುಟ್‌ಬಾಲ್ ಬೇರೆಯದೇ ಆಟ. ಅರ್ಧ ಗಂಟೆಯನ್ನೂ ಕೊಡದೆ ಹುಡುಗನನ್ನು ಬರೀ ವಾರ್ಮ್ ಅಪ್ ಮಾಡಿಸಿ ಕೂರಿಸುತ್ತಿದ್ದರೆ ಅದು ಕೋಚ್‌ನ ತಪ್ಪು, ಅಲ್ಲಿ ನಿಮ್ಮ ಗೆಳೆಯನ ಸಿಟ್ಟು ಪೂರ್ತಿ ನ್ಯಾಯವಾದದ್ದು.

ನನ್ನನ್ನು ಕೂರಿಸಿದ ಕೋಚ್ ಮೂರು ವಾರ ಹೊರಗಿಟ್ಟರು. ಆ ಮೂರು ವಾರ ಅಭ್ಯಾಸದಲ್ಲಿ ಬೇರೆ ಏನೂ ಮಾಡಿಸಲಿಲ್ಲ. ಒಬ್ಬ ಹುಡುಗನನ್ನು ನನ್ನ ಮುಂದೆ ನಿಲ್ಲಿಸಿ, ಪಾಸ್ ಬರುವಷ್ಟರಲ್ಲಿ ಅವನ ನೆರಳಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಬಾ ಅನ್ನುತ್ತಿದ್ದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನಾಲ್ಕನೇ ವಾರ ಇಳಿಸಿದಾಗ ಹತ್ತನೇ ನಿಮಿಷದಲ್ಲೇ ಒಂದು ಪಾಸ್ ಕಳೆದುಕೊಂಡೆ. ಅಂಚಿನಲ್ಲಿ ನಿಂತಿದ್ದ ಅವರ ಕಡೆ ನೋಡಿದೆ. ಅವರು ಎರಡು ಬೆರಳು ಎತ್ತಿ ತೋರಿಸಿದರು, ಎರಡು ಹೆಜ್ಜೆ. ಮುಂದಿನ ಚೆಂಡಿಗೆ ಸರಿದು ನಿಂತು ಕೇಳಿದೆ.

ಮುಂದಿನ ಪಂದ್ಯದಲ್ಲಿ ನಿಮ್ಮವನು ಮೊದಲ ತಪ್ಪು ಮಾಡುವವರೆಗೆ ಕಾಯಿರಿ. ಅಲ್ಲಿಂದ ಐದು ನಿಮಿಷ ಅವನನ್ನೇ ನೋಡಿ. ಮತ್ತೆ ಬಂದು ಕೇಳಿದರೆ ನಾನು ನಿಮ್ಮ ಕಡೆ. ಎದುರಾಳಿಯ ಬೆನ್ನ ಹಿಂದೆ ನಿಂತು ಕೈ ಎತ್ತಿದರೆ ನಿಮ್ಮ ಗೆಳೆಯನ ಕಡೆ.